ಅಮ್ಮನಿಗೆ ಖಿನ್ನತೆಯ ಮಾತ್ರೆ ಶುರುವಾಗಿದೆ, ನಿಲ್ಲಿಸಿ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ

ತಿಪಟೂರು ತೋಟ
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 63 ವರ್ಷ. ಅಪ್ಪ ಹೋದ ಮೇಲೆ ಊಟ ಸೇರುತ್ತಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರ, ಎದೆ ಡವಡವ, ಕೈಕಾಲಲ್ಲಿ ಶಕ್ತಿ ಇಲ್ಲ. ಮೊದಲು ಗ್ಯಾಸ್ ಅಂದುಕೊಂಡೆವು. ಆಮೇಲೆ ಇಸಿಜಿ, ಎಕೋ, ಥೈರಾಯ್ಡ್, ಬಿ12 ಎಲ್ಲ ಆಯಿತು. ಎಲ್ಲವೂ ನಾರ್ಮಲ್. ಕೊನೆಗೆ ಫಿಸಿಷಿಯನ್ನೇ ಮನೋವೈದ್ಯರ ಹತ್ತಿರ ಕಳಿಸಿದರು. ಖಿನ್ನತೆ, ಜೊತೆಗೆ ಆತಂಕ ಎಂದರು. ಬೆಳಿಗ್ಗೆ ಎಸ್ಸಿಟಲೋಪ್ರಾಮ್ 5 ಎಂಜಿ, ವಾರದ ನಂತರ 10. ರಾತ್ರಿ ಕ್ಲೋನಜೆಪಾಮ್ 0.25, ಅದು ಎರಡು ವಾರ ಮಾತ್ರ.

ಶುರು ಮಾಡಿ ಇನ್ನೂ ವಾರ ತುಂಬಿಲ್ಲ. ವಾಕರಿಕೆ ಬರುತ್ತಿದೆ, ಚಡಪಡಿಕೆ ಮೊದಲಿಗಿಂತ ಜಾಸ್ತಿ ಆಗಿದೆ. "ಒಂದು ಸಲ ಶುರುವಾದರೆ ಸಾಯೋತನಕ ಬಿಡೋಕಾಗಲ್ಲ" ಅಂತ ಚಿಕ್ಕಪ್ಪ. "ಅದು ತಲೆ ಕೆಟ್ಟವರಿಗೆ ಕೊಡೋದಲ್ವಾ" ಅಂತ ಸೋದರತ್ತೆ. ಅಮ್ಮ ಇವತ್ತು ಮಾತ್ರೆ ಬೇಡ ಅಂತ ಕೂತಿದ್ದಾರೆ. ನಿಲ್ಲಿಸಿಬಿಡಲಾ? ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿ ಹುಡುಗ
ನಿಲ್ಲಿಸಬೇಡಿ. ಮೊದಲ ವಾರ ನನಗೂ ಹೀಗೇ ಆಗಿತ್ತು. ವಾಕರಿಕೆ ಹತ್ತು ದಿನದೊಳಗೆ ತಾನಾಗೇ ಹೋಯಿತು. ಖಾಲಿ ಹೊಟ್ಟೆಯಲ್ಲಿ ಕೊಡುತ್ತಿದ್ದೀರಾ? ತಿಂಡಿ ಆದ ಮೇಲೆ ಕೊಟ್ಟು ನೋಡಿ.

ಸುಮ್ನೆ ಕೇಳ್ದೆ
ಗಂಡ ಹೋದ ದುಃಖಕ್ಕೂ ಮಾತ್ರೆನಾ? ಮೊದಲೆಲ್ಲ ಮನೆ ತುಂಬ ಜನ ಇರುತ್ತಿದ್ದರು. ಅತ್ತು, ಮಾತಾಡಿ ಹಗುರಾಗುತ್ತಿದ್ದರು. ಈಗ ಎಲ್ಲದಕ್ಕೂ ಒಂದು ಸ್ಟ್ರಿಪ್. ಕಂಪನಿಗಳಿಗೆ ಹಬ್ಬ.

ಕೌಂಟರ್ ಹಿಂದಿನವನು
ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿಯಲ್ಲಿ ಇದ್ದೇನೆ. ಒಂದು ವಿಷಯ ಬಿಡಿಸಿ ಹೇಳಲೇಬೇಕು.

ನಿಮ್ಮ ಚೀಟಿಯಲ್ಲಿರುವುದು ಎರಡು ಬೇರೆ ಬೇರೆ ಜಾತಿಯ ಮಾತ್ರೆ. ಎಸ್ಸಿಟಲೋಪ್ರಾಮ್ ಖಿನ್ನತೆಯದ್ದು. ತಿಂದ ದಿನವೇ ಏನೂ ಹಿತ ಅನ್ನಿಸುವುದಿಲ್ಲ. ಇನ್ನೊಂದು ಬೇಕು, ಜಾಸ್ತಿ ಬೇಕು ಅಂತ ಚಪಲವೂ ಆಗುವುದಿಲ್ಲ. ಕ್ಲೋನಜೆಪಾಮ್ ಆತಂಕ ಇಳಿಸುವ, ನಿದ್ದೆ ತರಿಸುವ ಗುಂಪಿನದು. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಮೈ ಸಡಿಲ ಆಗುತ್ತದೆ. ಅಭ್ಯಾಸ ಹಿಡಿಯುವುದು ಇದು. ಚಿಕ್ಕಪ್ಪ ಹೆದರುತ್ತಿರುವುದು ಸರಿ, ಆದರೆ ಬೆರಳು ತೋರಿಸುತ್ತಿರುವುದು ತಪ್ಪು ಮಾತ್ರೆಯ ಕಡೆಗೆ.

ನಮ್ಮ ಕೌಂಟರ್‌ನಲ್ಲಿ ದಿನಾ ನೋಡುವುದು ಏನು ಗೊತ್ತಾ? ಇವೆರಡೂ ಸೇರಿದ ಒಂದೇ ಮಾತ್ರೆ ಬರುತ್ತದೆ. ಎಸ್ಸಿಟಲೋಪ್ರಾಮ್ 10, ಕ್ಲೋನಜೆಪಾಮ್ 0.5. ಹೆಸರಿನ ಬಾಲಕ್ಕೆ 'ಪ್ಲಸ್' ಅಂತಲೋ ಮತ್ತೇನೋ ಒಂದು ಅಕ್ಷರವೋ ಇರುತ್ತದೆ. ಒಳಗೇನಿದೆ ಅಂತ ಸ್ಟ್ರಿಪ್‌ನ ಹಿಂದೆ, ಬೆಳ್ಳಿ ಹಾಳೆಯ ಮೇಲೆ ಇರುವೆ ಸಾಲಿನ ಹಾಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಕತ್ತರಿಸಿ ಐದು ಮಾತ್ರೆ ಕೊಟ್ಟರೆ ಆ ಅಕ್ಷರವೂ ಅರ್ಧ ಹೋಯಿತು. ಎರಡು ವಾರಕ್ಕೆ ಬರೆದದ್ದನ್ನು ಹಳೇ ಚೀಟಿ ತೋರಿಸಿ ಎರಡು ವರ್ಷ ತಿಂದವರಿದ್ದಾರೆ. ತಪ್ಪು ಅವರದ್ದು ಮಾತ್ರ ಅಂತ ನಾನು ಹೇಳಲ್ಲ, ಕೊಟ್ಟವರೂ ಇದ್ದಾರಲ್ಲ. ನಿಮ್ಮ ಡಾಕ್ಟರು ಬೇರೆ ಬೇರೆಯಾಗಿ ಬರೆದು, ಒಂದಕ್ಕೆ ಗಡುವು ಹಾಕಿದ್ದಾರೆ ಅಂದರೆ ಯೋಚನೆ ಮಾಡಿಯೇ ಬರೆದಿದ್ದಾರೆ.

ಆಮೇಲೆ, ಅಮ್ಮ ಬೇರೆ ಏನೇನು ಮಾತ್ರೆ ತಗೊಳ್ಳುತ್ತಾರೆ? ಎಲ್ಲದರ ಹೆಸರು ಹಾಕಿ.

ತಿಪಟೂರು ತೋಟ
ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಕ್ಲೋರ್ಥಾಲಿಡೋನ್ ಇರುವುದು. ಮಂಡಿನೋವು ಜೋರಾದಾಗ ಅಸಿಕ್ಲೋಫೆನಾಕ್. ಅದನ್ನು ಮನೋವೈದ್ಯರಿಗೆ ಹೇಳಿದ ನೆನಪಿಲ್ಲ, ಚೀಟಿ ಇಲ್ಲದೆ ಅಂಗಡಿಯಲ್ಲೇ ತರುತ್ತೇವೆ.

ಜಿಲ್ಲಾಸ್ಪತ್ರೆ ಮನೋವೈದ್ಯೆ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ಇದು ಮುಖ್ಯ. ಇಲ್ಲಿ ಕೂತು ನಾನು ನಿಮ್ಮ ಅಮ್ಮನಿಗೆ ಚಿಕಿತ್ಸೆ ಹೇಳಲಾರೆ. ಆದರೆ ಈ ಎರಡು ವಿಷಯ ನಾಳೆಯೇ ಅವರ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ.

ಕ್ಲೋರ್ಥಾಲಿಡೋನ್ ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ. ಅದು ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಸಬಹುದು. ಎಸ್ಸಿಟಲೋಪ್ರಾಮ್ ಗುಂಪಿನ ಮಾತ್ರೆಗಳೂ ಇಳಿಸಬಹುದು. ಎರಡೂ ಸೇರಿದಾಗ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಮೊದಲ ಕೆಲವು ವಾರ ಎಚ್ಚರ ಬೇಕು. ತಲೆನೋವು, ತೀರಾ ಸುಸ್ತು, ಮಾತಿನಲ್ಲಿ ಗೊಂದಲ, ನಡೆಯುವಾಗ ತೂರಾಟ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತದಲ್ಲಿ ಸೋಡಿಯಂ ನೋಡುವುದು ಸುಲಭದ ಪರೀಕ್ಷೆ.

ಎರಡನೆಯದು ನೋವಿನ ಮಾತ್ರೆ. ಈ ಗುಂಪಿನ ಔಷಧಿ ಜೊತೆ ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗುವ ಸಂಭವ ಹೆಚ್ಚು. ಮಲ ಕಪ್ಪಗೆ ಹೋದರೆ ಸುಮ್ಮನಿರಬೇಡಿ. ಮಂಡಿಗೆ ಬೇರೇನು ಕೊಡಬಹುದು ಅಂತ ಕೇಳಿ.

ಹೀಗೆ ಹೇಳಿದೆ ಅಂತ ಹೆದರಿ ಮಾತ್ರೆಯನ್ನೇ ನಿಲ್ಲಿಸಬೇಡಿ. ವಾಕರಿಕೆ, ಮೊದಲ ವಾರದ ಚಡಪಡಿಕೆ ಇವೆಲ್ಲ ನಾವು ನಿರೀಕ್ಷೆ ಮಾಡುವಂಥದ್ದೇ. ಈ ಮಾತ್ರೆ ಕೆಲಸ ಮಾಡುವುದು ಸೆರೊಟೊನಿನ್ ಅನ್ನುವ, ನರಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕದ ಮೇಲೆ. ದೇಹದ ಸೆರೊಟೊನಿನ್‌ನಲ್ಲಿ ನೂರಕ್ಕೆ 90 ಭಾಗಕ್ಕಿಂತ ಜಾಸ್ತಿ ಇರುವುದು ಕರುಳಿನಲ್ಲಿ, ಮಿದುಳಿನಲ್ಲಿ ಅಲ್ಲ. ಹಾಗಾಗಿ ಮಾತ್ರೆ ಬಿದ್ದ ಕೂಡಲೇ ಮೊದಲು ದೂರು ಹೇಳುವುದು ಹೊಟ್ಟೆಯೇ. 5ರಿಂದ ಶುರು ಮಾಡಿ 10ಕ್ಕೆ ಏರಿಸುವುದು ಇದೇ ಕಾರಣಕ್ಕೆ.

ಮನಸ್ಸಿಗೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಪೂರ್ತಿ ಪರಿಣಾಮಕ್ಕೆ ಆರು ವಾರವೂ ಆಗಬಹುದು. ಮೊದಲು ಸುಧಾರಿಸುವುದು ಸಾಮಾನ್ಯವಾಗಿ ನಿದ್ದೆ, ಊಟ. "ಏನೂ ಬೇಡ" ಅನ್ನುವ ಭಾವನೆ ಕೊನೆಗೆ ಹೋಗುತ್ತದೆ. ಮನೆಯವರಿಗೆ ಬದಲಾವಣೆ ಮೊದಲು ಕಾಣಿಸುತ್ತದೆ, ಪೇಶೆಂಟ್‌ಗೆ ಆಮೇಲೆ.

ಸುಮ್ನೆ ಕೇಳ್ದೆ
ಮೇಡಂ, ಗೌರವದಿಂದಲೇ ಕೇಳುತ್ತೇನೆ. ಸೆರೊಟೊನಿನ್ ಕಡಿಮೆ ಆದರೆ ಖಿನ್ನತೆ ಬರುತ್ತದೆ ಅನ್ನುವುದೇ ಸುಳ್ಳು ಅಂತ 2022ರಲ್ಲಿ ಲಂಡನ್ನಿನವರು ಬರೆದಿದ್ದರಲ್ಲ? ಬುಡವೇ ಇಲ್ಲದ ಮೇಲೆ ಮಾತ್ರೆ ಯಾಕೆ?

ಜಿಲ್ಲಾಸ್ಪತ್ರೆ ಮನೋವೈದ್ಯೆ
ಒಳ್ಳೆಯ ಪ್ರಶ್ನೆ. ಆ ಲೇಖನದಲ್ಲಿ ಹೇಳಿದ್ದರಲ್ಲಿ ಅರ್ಧವನ್ನು ನಾನೂ ಒಪ್ಪುತ್ತೇನೆ. "ಮಿದುಳಿನಲ್ಲಿ ಕೆಮಿಕಲ್ ಕಡಿಮೆ ಆಗಿದೆ, ಅದನ್ನು ತುಂಬಿಸುತ್ತೇವೆ" ಅಂತ ಡಾಕ್ಟರುಗಳು ಎಷ್ಟೋ ವರ್ಷ ಹೇಳಿಬಿಟ್ಟರು. ಅಷ್ಟು ಸರಳ ಅಲ್ಲ. ಮಾತ್ರೆ ಸೆರೊಟೊನಿನ್ ಮೇಲೆ ಕೆಲಸ ಮಾಡುವುದು ಗಂಟೆಗಳಲ್ಲಿ. ಗುಣ ಕಾಣುವುದು ವಾರಗಳಲ್ಲಿ. ಬರೀ ಕೊರತೆ ತುಂಬಿಸುವುದೇ ಆಗಿದ್ದರೆ ಮರುದಿನವೇ ಗುಣ ಆಗಬೇಕಿತ್ತು ಅಲ್ವಾ? ನಡುವೆ ಏನಾಗುತ್ತದೆ ಅನ್ನುವುದರ ಬಗ್ಗೆ ಇನ್ನೂ ಸಂಶೋಧನೆ ನಡೆಯುತ್ತಿದೆ.

ಆದರೆ ಕಾರಣ ಪೂರ್ತಿ ತಿಳಿಯದಿದ್ದರೂ ಕೆಲಸ ಮಾಡುತ್ತದೋ ಇಲ್ಲವೋ ಅಂತ ಅಳೆಯಬಹುದು. ಈ ಔಷಧಿಗಳು ಸಿಕ್ಕಿದ್ದೇ ಹಾಗೆ. 1950ರ ದಶಕದ ಶುರುವಿನಲ್ಲಿ ಕ್ಷಯಕ್ಕೆ ಐಪ್ರೊನಿಯಾಜಿಡ್ ಕೊಟ್ಟಾಗ ರೋಗಿಗಳು ಗೆಲುವಾಗಿದ್ದು ಕಂಡಿತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕೂನ್ ಇಮಿಪ್ರಮಿನ್ ಅನ್ನುವ ಔಷಧಿಯನ್ನು ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೆ ಕೊಟ್ಟು ನೋಡಿದರು. ಅಲ್ಲಿ ಉಪಯೋಗ ಆಗಲಿಲ್ಲ, ಖಿನ್ನತೆಗೆ ಆಯಿತು. ಸಿದ್ಧಾಂತ ಆಮೇಲೆ ಬಂದದ್ದು. ಎಸ್ಸಿಟಲೋಪ್ರಾಮ್ ಗುಂಪಿನದ್ದೇ ಆದ ಪ್ರೊಜ್ಯಾಕ್ (ಫ್ಲುಆಕ್ಸೆಟಿನ್) ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1987ರ ಕೊನೆಗೆ.

2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 522 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಅಧ್ಯಯನ ಬಂತು. 21 ಔಷಧಿ, 1,16,477 ಜನ. ದೊಡ್ಡವರಲ್ಲಿ ಎಲ್ಲ 21 ಔಷಧಿಗಳೂ ಡಮ್ಮಿ ಮಾತ್ರೆಗಿಂತ (ಒಳಗೆ ಔಷಧಿ ಇಲ್ಲದ್ದು) ಮೇಲು ಎಂದು ಕಂಡಿತು. ಎಷ್ಟು ಮೇಲು? ಅಂಥ ದೊಡ್ಡ ಅಂತರ ಏನಲ್ಲ. ಒರಟು ಲೆಕ್ಕದಲ್ಲಿ, ಡಮ್ಮಿ ತಿಂದ 100 ಜನರಲ್ಲಿ 20ರಿಂದ 40 ಜನರಿಗೆ ಒಂದೆರಡು ತಿಂಗಳಲ್ಲಿ ಸುಧಾರಿಸುತ್ತದೆ, ನಿಜ ಮಾತ್ರೆ ತಿಂದವರಲ್ಲಿ 40ರಿಂದ 60. ನೀವು ಇದನ್ನು ಸ್ವಲ್ಪ ಅನ್ನಬಹುದು. ಹೊರರೋಗಿ ವಿಭಾಗದಲ್ಲಿ ಕೂತ ನನಗೆ ಆ 20 ಜನರ ಮುಖ ಗೊತ್ತು.

ಗಂಡ ಹೋದ ದುಃಖಕ್ಕೆಲ್ಲ ಮಾತ್ರೆ ಬೇಡ ಅನ್ನುವುದೂ ನಿಜವೇ. ದುಃಖ ಅಲೆ ಅಲೆಯಾಗಿ ಬರುತ್ತದೆ, ನಡುವೆ ಮೊಮ್ಮಗು ಬಂದರೆ ಮುಖ ಅರಳುತ್ತದೆ. ಆ ಅರಳುವುದೂ ನಿಂತು, ತೂಕ ಇಳಿದು, ಬೆಳಗಿನ ಜಾವದ ನಿದ್ದೆ ಹೋಗಿ, "ನಾನಿದ್ದು ಏನು ಪ್ರಯೋಜನ" ಅನ್ನುವ ಮಾತು ಬಂದರೆ ಬೇರೆ ಲೆಕ್ಕ.

ತಿಪಟೂರು ತೋಟ
ಆ ಮಾತು ಎರಡು ಸಲ ಬಂದಿದೆ ಮೇಡಂ.

ಜಿಲ್ಲಾಸ್ಪತ್ರೆ ಮನೋವೈದ್ಯೆ
ಹಾಗಾದರೆ ಮುಂದಿನ ಭೇಟಿಯ ತನಕ ಕಾಯಬೇಡಿ. ಅಮ್ಮನನ್ನು ಒಬ್ಬರನ್ನೇ ಬಿಡಬೇಡಿ. ಮಾತ್ರೆಗಳು, ತೋಟಕ್ಕೆ ಹೊಡೆಯುವ ಔಷಧಿ ಎಲ್ಲ ಕೈಗೆ ಸಿಗದ ಹಾಗೆ ಬೀಗ ಹಾಕಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ ಅನ್ನುವುದು ಸುಳ್ಳು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ತಕ್ಷಣದ ಅಪಾಯ ಅನ್ನಿಸಿದರೆ ಫೋನಿನಲ್ಲಿ ಕೂರಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಲೀಡ್ಸ್ ಕನ್ನಡಿಗ
ಸುಮ್ನೆ ಕೇಳ್ದೆ ಅವರ ವಾದವನ್ನು ಪೂರ್ತಿ ತಳ್ಳಿಹಾಕಬೇಡಿ. ಇಂಗ್ಲೆಂಡಿನಲ್ಲಿ 2022ರ ಮಾರ್ಗಸೂಚಿಯೇ ಹೇಳುತ್ತದೆ, ಸೌಮ್ಯ ಖಿನ್ನತೆಗೆ ಮೊದಲೇ ಮಾತ್ರೆ ಬರೆಯುವುದು ರೂಢಿ ಆಗಬಾರದು, ಮಾತಿನ ಚಿಕಿತ್ಸೆ, ವ್ಯಾಯಾಮ ಇಂಥವು ಮೊದಲು ಅಂತ. ಪೇಶೆಂಟೇ ಮಾತ್ರೆ ಬೇಕು ಅಂದರೆ ಬೇರೆ. ನನಗೆ ಸಿಕ್ಕಿದ್ದು ಫೋನಿನಲ್ಲಿ ಮಾತಿನ ಚಿಕಿತ್ಸೆ, ಅದೂ ಕಾದು ಕಾದು. ಇಂಗ್ಲಿಷಿನಲ್ಲಿ ಅಳುವುದು ಕಷ್ಟ, ಅದಿರಲಿ.

ಎಷ್ಟು ದಿನ ತಿನ್ನಬೇಕು ಅನ್ನುವುದಕ್ಕೆ ಇಲ್ಲಿನ ಒಂದು ಪ್ರಯೋಗ ಓದಿದ್ದೆ, 2021ರದ್ದು. ವರ್ಷಗಟ್ಟಲೆ ಮಾತ್ರೆ ತಿಂದು ಚೆನ್ನಾಗಿದ್ದು, ಇನ್ನು ಬಿಡಬಹುದು ಅಂದುಕೊಂಡವರನ್ನು ತೆಗೆದುಕೊಂಡರು. ಅರ್ಧ ಜನರಿಗೆ ಗೊತ್ತಾಗದ ಹಾಗೆ ನಿಧಾನವಾಗಿ ಡಮ್ಮಿಗೆ ಬದಲಾಯಿಸಿದರು. ಒಂದು ವರ್ಷದಲ್ಲಿ ಮುಂದುವರಿಸಿದವರಲ್ಲಿ ನೂರಕ್ಕೆ 39 ಜನರಿಗೆ ಖಿನ್ನತೆ ಮರಳಿತು, ನಿಲ್ಲಿಸಿದವರಲ್ಲಿ 56. ಎರಡೂ ಕಡೆಯವರು ಇದನ್ನೇ ತೋರಿಸಿ ಜಗಳ ಆಡುತ್ತಾರೆ. ನಾನು ಓದಿಕೊಂಡದ್ದು ಹೀಗೆ: ಮಾತ್ರೆ ಕಾಪಾಡುತ್ತದೆ ನಿಜ, ಆದರೆ ನಿಲ್ಲಿಸಿದ 44 ಜನ ಚೆನ್ನಾಗೇ ಇದ್ದರಲ್ಲ.

ಶಿರಸಿ ಅಡಿಕೆ
ಬಿಪಿ ಮಾತ್ರೆ ತಿಂದ ಹಾಗೆ ತಿಂದುಬಿಡಿ, ಅದರಲ್ಲೇನು ನಾಚಿಕೆ ಅಂತ ನಮ್ಮ ಡಾಕ್ಟರು ಹೇಳಿದ್ದರು.

ಜಿಲ್ಲಾಸ್ಪತ್ರೆ ಮನೋವೈದ್ಯೆ
ನಾಚಿಕೆ ಬೇಡ ಅನ್ನುವುದಕ್ಕೆ ಆ ಮಾತು ಸರಿ. ಆದರೆ ಅದರಿಂದಲೇ ಜನ "ಹಾಗಾದರೆ ಜೀವನಪೂರ್ತಿ" ಅಂತ ಹೆದರುತ್ತಾರೆ. ಮೊದಲ ಸಲದ ಖಿನ್ನತೆಗೆ, ಪೂರ್ತಿ ಗುಣವಾದ ಮೇಲೂ ಸುಮಾರು ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತೇವೆ. ಮತ್ತೆ ಮತ್ತೆ ಬಂದಿದ್ದರೆ ಎರಡು ವರ್ಷ ಅಥವಾ ಜಾಸ್ತಿ. ಕೆಲವರಿಗಷ್ಟೇ ಉದ್ದಕ್ಕೂ ಬೇಕಾಗುತ್ತದೆ.

ಹುಬ್ಬಳ್ಳಿ ಹುಡುಗ
ನಿಲ್ಲಿಸುವ ವಿಷಯದಲ್ಲಿ ನನ್ನದೊಂದು ಅನುಭವ. ನನ್ನದು ವೆನ್ಲಫ್ಯಾಕ್ಸಿನ್ ಅನ್ನುವ ಖಿನ್ನತೆಯ ಮಾತ್ರೆ. ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿದ್ದೆ, ಬ್ಯಾಗು ರೈಲಿನಲ್ಲಿ ಕಳವಾಯಿತು. ಮಾತ್ರೆಯೂ ಹೋಯಿತು, ಚೀಟಿಯೂ ಹೋಯಿತು. ಅಂಗಡಿಯವರು ಚೀಟಿ ಇಲ್ಲದೆ ಕೊಡಲಿಲ್ಲ. ಮಾರನೇ ದಿನ ಸಂಜೆಯಿಂದ ತಲೆ ತಿರುಗಿಸಿದರೆ ಒಳಗೆ ಕರೆಂಟ್ ಹೊಡೆದ ಹಾಗೆ. ಕಣ್ಣು ಪಕ್ಕಕ್ಕೆ ಹೊರಳಿಸಿದರೂ ಝಿಲ್ ಅನ್ನುತ್ತದೆ. ಅರ್ಧ ಸೆಕೆಂಡ್ ಜಗತ್ತೇ ಜಾರಿದ ಹಾಗೆ ಆಗುತ್ತದೆ ರೀ. ಜೊತೆಗೆ ಸುಮ್ನೆ ಅಳು, ಭಾಳ ಸಿಟ್ಟು, ಬೆವರು. ನನ್ನ ಡಾಕ್ಟರು ಫೋಟೋ ತೆಗೆದು ಹೊಸ ಚೀಟಿ ಕಳಿಸಿದರು. ಮತ್ತೆ ಮಾತ್ರೆ ತಗೊಂಡ ಮೇಲೆ ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು. ಈಗ ಚೀಟಿಯ ಫೋಟೋ ಫೋನಿನಲ್ಲಿ ಇಟ್ಟುಕೊಂಡಿರುತ್ತೇನೆ.

ಸುಮ್ನೆ ಕೇಳ್ದೆ
ಇದಕ್ಕೆ ಚಟ ಅನ್ನದೆ ಇನ್ನೇನು ಅನ್ನೋದು?

ಕೌಂಟರ್ ಹಿಂದಿನವನು
ಚಟ ಅಂದರೆ ಡೋಸ್ ಏರಿಸುತ್ತಾ ಹೋಗುವುದು, ಅದಕ್ಕಾಗಿ ಹಾತೊರೆಯುವುದು, ಸುಳ್ಳು ಹೇಳಿಯಾದರೂ ತರುವುದು. ಖಿನ್ನತೆಯ ಮಾತ್ರೆಗೆ ಹಾಗೆ ಕೌಂಟರ್‌ಗೆ ಬಂದು ಜಗಳ ಮಾಡಿದವರನ್ನು ನಾನು ಕಂಡಿಲ್ಲ. ನಿದ್ದೆ ಮಾತ್ರೆಗೆ ಕಂಡಿದ್ದೇನೆ. ಆದರೆ ದೇಹ ಹೊಂದಿಕೊಂಡಿರುತ್ತದೆ, ತಟ್ಟನೆ ತೆಗೆದರೆ ತಕರಾರು ಮಾಡುತ್ತದೆ ಅನ್ನುವುದು ನಿಜ. ಅದನ್ನು ಮುಚ್ಚಿಡಬಾರದು.

ಜಿಲ್ಲಾಸ್ಪತ್ರೆ ಮನೋವೈದ್ಯೆ
ಇಲ್ಲಿ ನಮ್ಮ ವೃತ್ತಿಯವರದ್ದೂ ತಪ್ಪಿದೆ. ನಿಲ್ಲಿಸುವಾಗಿನ ತೊಂದರೆ ಎರಡು ವಾರದ್ದು, ಸಣ್ಣದು ಅಂತ ಹೇಳಿಕೊಂಡೇ ಬಂದೆವು. ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತದೆ. ವೆನ್ಲಫ್ಯಾಕ್ಸಿನ್, ಪ್ಯಾರಾಕ್ಸೆಟಿನ್ ಬಿಡುವಾಗ ಕಷ್ಟ ಜಾಸ್ತಿ, ಯಾಕೆಂದರೆ ದೇಹದಿಂದ ಬೇಗ ಹೊರಗೆ ಹೋಗುತ್ತವೆ. ಫ್ಲುಆಕ್ಸೆಟಿನ್ ವಾರಗಟ್ಟಲೆ ಉಳಿಯುತ್ತದೆ, ಹಾಗಾಗಿ ತಾನೇ ನಿಧಾನವಾಗಿ ಇಳಿಯುತ್ತದೆ.

ಇನ್ನೊಂದು ವಿಚಿತ್ರ. 20ರಿಂದ 10ಕ್ಕೆ ಇಳಿಸುವುದು ಸುಲಭ, 5ರಿಂದ ಸೊನ್ನೆಗೆ ಇಳಿಸುವುದು ಕಷ್ಟ. ಮಿದುಳಿನಲ್ಲಿ ಮಾತ್ರೆ ಹೋಗಿ ಕೂರುವ ಜಾಗಗಳಲ್ಲಿ ಬಹುಪಾಲನ್ನು ಸಣ್ಣ ಡೋಸೇ ಹಿಡಿದಿರುತ್ತದೆ. ಕೊನೆಯ ಚೂರು ತೆಗೆದಾಗ ದೊಡ್ಡ ಬದಲಾವಣೆ ಆಗುತ್ತದೆ. ಅದಕ್ಕೇ ಕೊನೆಕೊನೆಗೆ ಇನ್ನೂ ಸಣ್ಣ ಸಣ್ಣ ಮೆಟ್ಟಿಲು ಬೇಕು. ದಿನ ಬಿಟ್ಟು ದಿನ ತಿನ್ನುವ ಉಪಾಯ ಮಾಡಬೇಡಿ, ಒಂದು ದಿನ ಏರಿ ಒಂದು ದಿನ ಇಳಿಯುತ್ತದೆ ಅಷ್ಟೆ. ಮತ್ತೆ, ತಲೆಯಲ್ಲಿ ಕರೆಂಟ್, ತಲೆಸುತ್ತು ಬಿಟ್ಟ ಕೆಲವೇ ದಿನಕ್ಕೆ ಬಂದರೆ ಅದು ಮಾತ್ರೆ ಬಿಟ್ಟಿದ್ದರ ಪರಿಣಾಮ. ಖಿನ್ನತೆ ಮರಳುವುದು ಸಾಮಾನ್ಯವಾಗಿ ನಿಧಾನವಾಗಿ. ಎರಡನ್ನೂ ಒಂದೇ ಅಂದುಕೊಂಡು "ನೋಡಿ, ಮಾತ್ರೆ ಇಲ್ಲದೆ ಆಗಲ್ಲ" ಅನ್ನುವುದು ತಪ್ಪು.

ಶಿರಸಿ ಅಡಿಕೆ
ಮುಜುಗರದ ಪ್ರಶ್ನೆ. ನಮ್ಮ ಡಾಕ್ಟರು ಹೆಂಗಸು, ಕೇಳೋಕಾಗಲಿಲ್ಲ. ಮಾತ್ರೆ ಶುರುವಾದ ಮೇಲೆ ಗಂಡ ಹೆಂಡಿರ ವಿಷಯದಲ್ಲಿ ಆಸಕ್ತಿಯೇ ಹೋಗಿದೆ. ನನಗೊಬ್ಬನಿಗೇನಾ?

ಜಿಲ್ಲಾಸ್ಪತ್ರೆ ಮನೋವೈದ್ಯೆ
ನಾನೂ ಹೆಂಗಸೇ, ಕೇಳಿದ್ದು ಒಳ್ಳೆಯದಾಯಿತು. ತುಂಬಾ ಜನರಿಗೆ ಆಗುತ್ತದೆ, ಗಂಡಸರಿಗೂ ಹೆಂಗಸರಿಗೂ. ಆಸಕ್ತಿ ಕಡಿಮೆ ಆಗಬಹುದು, ಸುಖ ಮುಟ್ಟಲು ತಡವಾಗಬಹುದು. ಜನ ಹೇಳದೆ ಮಾತ್ರೆ ಬಿಡುವುದಕ್ಕೆ ಇದು ದೊಡ್ಡ ಕಾರಣ. ಡೋಸ್ ಇಳಿಸಬಹುದು, ಅಥವಾ ಬುಪ್ರೊಪಿಯಾನ್, ಮಿರ್ಟಾಜಪಿನ್‌ನಂಥ ಈ ತೊಂದರೆ ಕಡಿಮೆ ಇರುವ ಮಾತ್ರೆಗೆ ಬದಲಾಯಿಸಬಹುದು. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯ ಹಿಂದೆ ಬರೆದು ಕೊಡಿ. ನಮ್ಮಲ್ಲಿ ಹಾಗೆ ಕೊಡುವವರಿದ್ದಾರೆ.

ಹೆಸರು ಬೇಡ
ಹೆರಿಗೆ ಆದ ಮೇಲೆ ನನಗೆ ಸರ್ಟ್ರಾಲಿನ್ ಅನ್ನುವ ಖಿನ್ನತೆಯ ಮಾತ್ರೆ ಕೊಟ್ಟಿದ್ದಾರೆ. ಹಾಲು ಕುಡಿಸುವಾಗ ತಿನ್ನಬಾರದು ಅಂತ ಅತ್ತೆಮ್ಮ ಗಲಾಟೆ. ಮಾತ್ರೆಯನ್ನು ಮೆಂತ್ಯದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಜಿಲ್ಲಾಸ್ಪತ್ರೆ ಮನೋವೈದ್ಯೆ
ಹಾಲು ಕುಡಿಸುವ ತಾಯಂದಿರಿಗೆ ನಾವು ಹೆಚ್ಚಾಗಿ ಆರಿಸುವುದೇ ಸರ್ಟ್ರಾಲಿನ್. ಹಾಲಿಗೆ ಸೇರುವುದು ಬಹಳ ಕಡಿಮೆ. ನಿಮ್ಮ ಡಾಕ್ಟರಿಗೂ ಮಗುವಿನ ಡಾಕ್ಟರಿಗೂ ಗೊತ್ತಿರಲಿ ಅಷ್ಟೆ. ಮುಂದಿನ ಸಲ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಡಾಕ್ಟರ ಬಾಯಿಂದ ಬಂದರೆ ಕೇಳುತ್ತಾರೆ.

ಮಂಡ್ಯದ ಅಕ್ಕ
ತಮ್ಮನಿಗೆ 21 ವರ್ಷ. ಖಿನ್ನತೆ ಅಂತ ಮಾತ್ರೆ ಶುರು ಮಾಡಿದ ಕೆಲವೇ ವಾರದಲ್ಲಿ ನಿದ್ದೆಯೇ ಬೇಡ, ಬಾಯಿ ನಿಲ್ಲುವುದಿಲ್ಲ, ಸಾಲ ಮಾಡಿ ಬೈಕ್ ಬುಕ್ ಮಾಡಿದ. ಗುಣವಾಗಿದ್ದಾನೆ ಅಂತ ನಾವು ಖುಷಿ ಪಟ್ಟೆವು. ಆಮೇಲೆ ಗೊತ್ತಾಯಿತು ಬೈಪೋಲಾರ್ ಅಂತ, ಮನಸ್ಸು ಒಮ್ಮೆ ಅತಿ ಏರಿ ಒಮ್ಮೆ ಅತಿ ಇಳಿಯುವ ಕಾಯಿಲೆ. ಮನೆಯಲ್ಲಿ ಯಾರಿಗಾದರೂ ಹಾಗೆ ಏರಿಳಿತ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ನಮ್ಮ ದೊಡ್ಡಪ್ಪನಿಗೆ ಇತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

ಜಿಲ್ಲಾಸ್ಪತ್ರೆ ಮನೋವೈದ್ಯೆ
ಇದನ್ನು ಎಲ್ಲರೂ ಓದಲಿ. ವಯಸ್ಸಿನ ಬಗ್ಗೆಯೂ ಒಂದು ಮಾತು. 24 ವರ್ಷದವರೆಗಿನವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ ಅಮೆರಿಕದ ಔಷಧಿ ಇಲಾಖೆ ಔಷಧಿಯ ಮಾಹಿತಿ ಹಾಳೆಯಲ್ಲಿ ಚೌಕಟ್ಟಿನೊಳಗೆ ಎಚ್ಚರಿಕೆ ಹಾಕಿಸಿದೆ. 2004ರಲ್ಲಿ ಮಕ್ಕಳಿಗೆ, 2007ರಲ್ಲಿ ಯುವಕರಿಗೂ. ಮಾತ್ರೆ ಕೊಡಲೇಬಾರದು ಅಂತಲ್ಲ. ಕೊಟ್ಟ ಮೇಲೆ ವಾರ ವಾರ ನೋಡಬೇಕು.

ಸುಮ್ನೆ ಕೇಳ್ದೆ
ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಐದು ನಿಮಿಷದಲ್ಲಿ ನೋಡಿ ಬರೆದುಕೊಡುವವರನ್ನು ಕಂಡಿದ್ದೇನೆ. ಮಾತಾಡುವವರು ಎಲ್ಲಿದ್ದಾರೆ?

ಜಿಲ್ಲಾಸ್ಪತ್ರೆ ಮನೋವೈದ್ಯೆ
ಈ ದೂರು ಒಪ್ಪಿಕೊಂಡೆ. ಸರದಿಯಲ್ಲಿ ಜನ ನಿಂತಿರುವಾಗ ನನಗೂ ಹಾಗೇ ಆಗುತ್ತದೆ. ಆದರೆ ಇನ್ನೊಂದು ಕಡೆಯೂ ನೋಡಿ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಬೇಡದವರಿಗೆ ಮಾತ್ರೆ ಹೋಗುತ್ತಿರುವುದೂ ನಿಜ, ಬೇಕಾದವರಿಗೆ ಸಿಗದಿರುವುದೂ ನಿಜ.

ತಿಪಟೂರು ತೋಟ
ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ, ಇವತ್ತೇ ಕರೆದುಕೊಂಡು ಹೋಗಿದ್ದೆ. ಅಸಿಕ್ಲೋಫೆನಾಕ್ ನಿಲ್ಲಿಸಿ ಅಂದರು, ಪ್ಯಾರಾಸಿಟಮಾಲ್ ಮತ್ತು ಎಣ್ಣೆ ಹಚ್ಚುವುದು ಸಾಕಂತೆ. ಸೋಡಿಯಂ 133 ಬಂದಿದೆ, ಸ್ವಲ್ಪ ಕಡಿಮೆ. ಬಿಪಿ ಮಾತ್ರೆ ಬದಲಾಯಿಸಲು ಫಿಸಿಷಿಯನ್ ಜೊತೆ ಅವರೇ ಮಾತಾಡಿದರು. ಇನ್ನೊಂದು ವಾರ 5ರಲ್ಲೇ ಇರಲಿ, ಮತ್ತೆ ಸೋಡಿಯಂ ನೋಡಿ ಮುಂದಿನದು ಅಂದಿದ್ದಾರೆ. ಅಮ್ಮನನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿದರು, ಅರ್ಧ ಗಂಟೆ. ಮಾತ್ರೆ ನನ್ನ ಕೈಯಲ್ಲೇ ಇದೆ. ಚಿಕ್ಕಪ್ಪನಿಗೆ ಯಾವ ಮಾತ್ರೆ ಯಾವುದು ಅಂತ ಸ್ಟ್ರಿಪ್ ತೋರಿಸಿ ಹೇಳಿದೆ. "ಹಾಗಾದರೆ ರಾತ್ರೀದು ಬೇಗ ನಿಲ್ಸಿ" ಅಂದರು. ಅಷ್ಟಾದರೂ ಆಯಿತು.

ರಾಯಚೂರು ಮೇಷ್ಟ್ರು
ಕೌಂಟರ್ ಹಿಂದಿನವರ ಮಾತು ಓದಿ ಮನೆಯಲ್ಲಿ ಸ್ಟ್ರಿಪ್ ತಿರುಗಿಸಿ ನೋಡಿದೆ. ನನ್ನ ಮನೆಯವರು ಆ 'ಪ್ಲಸ್' ಮಾತ್ರೆಯನ್ನೇ ವರ್ಷಗಳಿಂದ ಹಳೇ ಚೀಟಿಯಲ್ಲಿ ತಗೊಳ್ಳುತ್ತಿದ್ದಾರೆ. ನಾಳೆಯಿಂದ ಬಂದ್ ಮಾಡಿಸಲೇ?

ಜಿಲ್ಲಾಸ್ಪತ್ರೆ ಮನೋವೈದ್ಯೆ
ದಯವಿಟ್ಟು ಬೇಡ ಮೇಷ್ಟ್ರೇ. ವರ್ಷಗಟ್ಟಲೆ ತಿಂದ ಕ್ಲೋನಜೆಪಾಮ್ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮೊದಲು ಎರಡನ್ನೂ ಬೇರೆ ಮಾಡಿ ಬರೆಯಿಸಿಕೊಳ್ಳಬೇಕು. ಎಸ್ಸಿಟಲೋಪ್ರಾಮ್ ಹಾಗೇ ಇಟ್ಟು, ಕ್ಲೋನಜೆಪಾಮ್ ಒಂದನ್ನೇ ತಿಂಗಳುಗಳ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅದು ಮುಗಿದ ಮೇಲೆ ಇನ್ನೊಂದು ಬೇಕೋ ಬೇಡವೋ ಅಂತ ನೋಡುವುದು. ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಇರುತ್ತಾರೆ. ನಿಮ್ಮ ಕಡೆಗೆ ಹತ್ತಿರದ ಮಾತೇ ಹೇಳಬೇಕೆಂದರೆ, ಇಡೀ ದೇಶದ ಆ ಕಾರ್ಯಕ್ರಮಕ್ಕೆ ಮಾದರಿ ಆದದ್ದು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ದಿನ ಇರುತ್ತದೆ, ಕೇಳಿಕೊಳ್ಳಿ. ಹಳೇ ಚೀಟಿ, ಈಗಿನ ಸ್ಟ್ರಿಪ್ ಎರಡನ್ನೂ ತೆಗೆದುಕೊಂಡು ಹೋಗಿ.

ಕೌಂಟರ್ ಹಿಂದಿನವನು
ಮತ್ತು ಸ್ಟ್ರಿಪ್ ಕತ್ತರಿಸುವಾಗ ಹೆಸರಿರುವ ತುದಿಯನ್ನು ನಿಮ್ಮ ಕಡೆಗೇ ಕೊಡಲು ಅಂಗಡಿಯವರಿಗೆ ಹೇಳಿ. ಕೇಳಿದರೆ ಕೊಡುತ್ತಾರೆ.

ರಾಯಚೂರು ಮೇಷ್ಟ್ರು
ಆಯಿತು. ಮಂಗಳವಾರ ಬರುತ್ತಾರಂತೆ, ರಜೆ ಹಾಕಿದ್ದೇನೆ.